ಅಕ್ಕನ ಮೊಣಕಾಲಿನ ಗೋಲಿ

ಮೊಮ್ಮಗಳ ಮೊಣಕಾಲ ಚಿಪ್ಪು ಜಾರಿದಾಗ ಮೆದುಮೂಳೆಯೊಂದಿಗೆ ಮೂಳೆಯ ಚೂರೊಂದು ಕಿತ್ತುಬಂದಿದೆ, ಅದನ್ನು ಮತ್ತೆ ಕೂರಿಸಿ ಪಿನ್ನು ಹಾಕುತ್ತೇವೆ ಎಂದು ಇಲ್ಲಿ, ಪರದೇಶದ ಕ್ಲೇಟನ್ ಊರಿನ ಆಸ್ಪತ್ರೆಯ ಡಾಕ್ಟರು ಇವತ್ತು ಸ್ಕ್ಯಾನ್ ತೋರಿಸಿದಾಗ, ನನಗೆ ಎಲ್ಲಿಂದಲೋ ಔಡಲೆಣ್ಣೆಯ ವಾಸನೆ ಬಂತು.

ನಾನು ಹುಡುಗನಾಗಿದ್ದಾಗ ಧಾರವಾಡದಲ್ಲಿ, ಖೋಖೋ ಆಡುವಾಗ ಅಕ್ಕನ ಚಿಪ್ಪು ಹೀಗೆಯೇ ಜಾರಿ, ತಾನೇ ವಾಪಸ್ಸು ಕೂತಿತ್ತು. "ಕೂತೈತಲ್ಲ, ಇನ್ನೇನು?" ಎಂದು ಅಜ್ಜಿ ದಿನವೂ ಎಣ್ಣೆ ತಿಕ್ಕುತ್ತಿದ್ದಳು. ಆದರೆ ಚರ್ಮದ ಕೆಳಗೆ ಗಟ್ಟಿಯಾದದ್ದೊಂದು ಸರಿದಾಡುತ್ತಿತ್ತು. ಅಕ್ಕ ಅದನ್ನು ನನಗೊಬ್ಬನಿಗೇ ತೋರಿಸಿ, "ಅವ್ವಗ ನೀನ ಹೇಳೋ. ನಾ ಹೇಳಿದ್ರ ಆಟಕ್ಕ ಯಾಕ ಹೋಗಿದ್ದಿ ಅಂತ ಬೈತಾಳ" ಎಂದಿದ್ದಳು.

ನಾನು ಅವ್ವನಿಗೆ ಹೇಳಲಿಲ್ಲ. ಒಂದು ಮಧ್ಯಾಹ್ನ ಗೆಳೆಯರನ್ನು ಕರೆತಂದೆ.

"ನಮ್ಮಕ್ಕನ ಮೊಣಕಾಲಾಗ ಗೋಲಿ ಐತಿ, ನೋಡ್ರಲೇ!"

ಒಬ್ಬ ಅದನ್ನು ಒತ್ತಿದ. ಕಾಲು ಮಡಿಚಿದಲ್ಲೇ ಸಿಕ್ಕಿಕೊಂಡು ಅಕ್ಕ ಚೀರಿದಳು. ಅಪ್ಪ ಓಡಿಬಂದು, "ಏನಾತು?" ಎಂದರು.

ನನಗೆ ಏಟಿನ ಭಯ. "ಏನಿಲ್ಲಪ್ಪಾ, ನಾಟಕ ಮಾಡಾಕತ್ತಾಳ" ಎಂದೆ.

"ಸಾಕು, ಏಳು" ಎಂದು ಅಪ್ಪ ಒಳಗೆ ಹೋದರು.

ಅಕ್ಕ ಎಣ್ಣೆಯ ಮೊಣಕಾಲನ್ನು ಒತ್ತಿ ಹಿಡಿದು ಎದ್ದಳು. ಎಣ್ಣೆ ಮೆತ್ತಿದ ಕೈಯಿಂದ ನನ್ನ ಹೆಗಲನ್ನೇ ಹಿಡಿದುಕೊಂಡು ಕುಂಟುತ್ತ ನಡೆದಳು. ವರ್ಷಗಳ ನಂತರ ತನ್ನ ಮದುವೆಯ ದಿನ ಮಂಟಪಕ್ಕೂ ಹಾಗೆಯೇ ಕುಂಟುತ್ತ ನಡೆದಳು.