ಐರೋಲಿ ಖಾಡಿಯ ಪುಳಿಮುಂಚಿ

ತನ್ವಿ ಉಷ್ಣಮಾಪಕದ ಮೊನೆಯನ್ನು ಬಂಗುಡೆಯ ಪುಳಿಮುಂಚಿಯೊಳಗೆ ಇಳಿಸಿದಾಗ ಇಡೀ ಊಟದ ಕೋಣೆ ಕ್ಷಣಕಾಲ ಅಗಿಯುವುದನ್ನು ಮರೆಯಿತು. ಅಂಕಿ ಎಪ್ಪತ್ತನ್ನು ದಾಟಿ ನಿಂತಿತು. ಬಿಸಿ ಬೇಕಾದಷ್ಟಿತ್ತು. ಅವಳ ಅನುಮಾನಕ್ಕೆ ಅದೇ ಮೊದಲ ಕಾರಣ: ಈ ಹೋಟೆಲಿನ ಒಳಗೆಲ್ಲೂ ಒಲೆಯೇ ಇರಲಿಲ್ಲ.

‘ಮೀನಿಗೆ ಜ್ವರ ಉಂಟಾ ಮಗಾ?’ ಎಂದು ಪಕ್ಕದ ಮೇಜಿನ ಮುದುಕ ಕೇಳಿದ.

ತನ್ವಿ ನಗಲಿಲ್ಲ. ಸಮುದ್ರದ ಹಿನ್ನೀರಾದ ಐರೋಲಿ ಖಾಡಿಯ ಜೆಟ್ಟಿಯಿಂದ ದೋಣಿಯಲ್ಲಿ ಫ್ಲೆಮಿಂಗೋ ನೋಡಲು ಹೋಗುವ ಪ್ರವಾಸಿಗರಿಗೆ ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ಅವಳು ಸಂಜೆಯೊಳಗೆ ಮೇಲಧಿಕಾರಿಗೆ ತಿಳಿಸಬೇಕಿತ್ತು. ಅಗ್ಗವಾಗಿರಬೇಕು, ರುಚಿಯಾಗಿರಬೇಕು, ಹೊಟ್ಟೆ ಕೆಡಿಸಬಾರದು. ವಾಶಿಯ ಪ್ರವಾಸ ಕಂಪನಿಯಲ್ಲಿ ಅವಳಿಗಿಂತ ಮೊದಲು ಈ ಕೆಲಸದಲ್ಲಿದ್ದವನು ಆರಿಸಿದ್ದ ಹೋಟೆಲಿನಲ್ಲಿ ಉಂಡ ಒಂದು ಬಸ್ಸಿನ ಜನ ಆಸ್ಪತ್ರೆ ಸೇರಿದ್ದರು. ಮರುದಿನವೇ ಅವನು ಮನೆ ಸೇರಿದ್ದ. ತನ್ವಿಯ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಮಂಡಿನೋವಿನ ಅಮ್ಮ ಇನ್ನು ದುಡಿಯಕೂಡದೆಂದು ಮೊದಲ ತಿಂಗಳಲ್ಲೇ ಅವಳು ಅಪ್ಪಣೆ ಮಾಡಿಬಿಟ್ಟಿದ್ದಳು. ಈಗ ಒಂದು ತಪ್ಪು ಹೋಟೆಲು ಸಾಕು, ಆ ಅಪ್ಪಣೆಯೂ ಹೋಗುತ್ತದೆ, ಸಂಬಳವೂ ಹೋಗುತ್ತದೆ.

ಅವಳು ಒಂದು ತುತ್ತು ಬಾಯಿಗಿಟ್ಟಳು. ಮೀನು ಮೀನಿನಂತಿತ್ತು, ಸಾರು ಸಾರಿನಂತಿತ್ತು. ದೋಷವಿರಲಿಲ್ಲ, ಹೇಳಿಕೊಳ್ಳುವ ವಿಶೇಷವೂ ಇರಲಿಲ್ಲ. ಯಾರ ಮನೆಯಲ್ಲಾದರೂ ಮಾಡುವಂಥದ್ದೇ.

ಹಾಗಾದರೆ ಈ ಜನಕ್ಕೆ ಏನಾಗಿದೆ? ಕಿಟಕಿಯ ಬಳಿಯ ದಂಪತಿ ಕಣ್ಣು ಮುಚ್ಚಿ ಉಣ್ಣುತ್ತಿದ್ದರು. ಬಾಗಿಲಾಚೆಗೂ ಸಾಲು ನಿಂತಿತ್ತು. ಫೋನಿನಲ್ಲಿ ಹೋಟೆಲಿನ ವಿಮರ್ಶೆ ತೆರೆದು ನೋಡಿದರೆ ಹೊಗಳಿಕೆಯ ಜಡಿಮಳೆ. ಜೆಟ್ಟಿಯ ಉಳಿದ ಹೋಟೆಲುಗಳ ಅರ್ಧ ಬೆಲೆಗೆ ಸ್ವರ್ಗ ಸಿಗುತ್ತದೆಯಂತೆ.

‘ಅಂಕಲ್, ನೀವು ಇಲ್ಲಿಯವರಾ?’ ಎಂದು ಅವಳು ಮುದುಕನನ್ನು ಕೇಳಿದಳು.

‘ಚನಿಯ ಅಂತ. ಡೊಂಬಿವಲಿಯಿಂದ ಬಂದದ್ದು. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ.’

‘ಇದನ್ನು ತಿನ್ನಲಿಕ್ಕಾ? ಇದರಲ್ಲಿ ಅಂಥದ್ದೇನುಂಟು?’

ಚನಿಯ ಬೆರಳು ನೆಕ್ಕುವುದನ್ನು ನಿಲ್ಲಿಸಿ ಅವಳನ್ನು ಕನಿಕರದಿಂದ ನೋಡಿದ. ‘ಹಾಗಾದರೆ ಜ್ವರ ಮೀನಿಗಲ್ಲ, ನಿನ್ನ ನಾಲಿಗೆಗೆ. ನನ್ನ ಹೆಂಡತಿಯ ಕೈಯದ್ದು ಒಂದು ವಾರ ತಿಂದು ಬಾ. ಆಮೇಲೆ ಗೊತ್ತಾಗ್ತದೆ.’

ತನ್ವಿ ಸೂಕ್ಷ್ಮಜೀವಶಾಸ್ತ್ರದ ಪದವೀಧರೆ. ಕಾರಣವಿಲ್ಲದ ಪರಿಣಾಮವನ್ನು ಅವಳು ನಂಬುತ್ತಿರಲಿಲ್ಲ. ಒಂದೋ ಇವರೆಲ್ಲ ಬಾಡಿಗೆಯ ಹೊಗಳುಭಟ್ಟರು, ಇಲ್ಲವೇ ಸಾರಿನೊಳಗೆ ಏನೋ ಸೇರಿದೆ. ಇಷ್ಟು ಜನಕ್ಕೆ ಹತ್ತಿದ ಮರುಳು ತನಗೊಬ್ಬಳಿಗೆ ಏಕೆ ಹತ್ತಲಿಲ್ಲ ಎಂಬುದು ಮಾತ್ರ ಯಾವ ಊಹೆಗೂ ಹೊಂದಲಿಲ್ಲ.

ಹಿಂಬಾಗಿಲಿಗೆ ಒಂದು ರಿಕ್ಷಾ ಬಂತು. ಮುಚ್ಚಿದ ಉಕ್ಕಿನ ಪಾತ್ರೆಗಳು ಆತುರಾತುರವಾಗಿ ಇಳಿದವು.

‘ಅಡುಗೆ ಎಲ್ಲಾಗುತ್ತದೆ?’ ಎಂದು ಅವಳು ಮಾಲೀಕ ಲತೇಶನನ್ನು ತಡೆದಳು.

‘ಒಂದು ಕಡೆ ಆಗ್ತದೆ ಮೇಡಂ. ನೀವು ಊಟ ನೋಡಿ, ಅಡುಗೆಮನೆ ಯಾಕೆ?’

ತನ್ವಿ ಕಂಪನಿಯ ಗುರುತಿನ ಚೀಟಿಯನ್ನು ಮುಂದೆ ಹಿಡಿದಳು. ಲತೇಶ ಅದರಲ್ಲಿನ ಹೆಸರು ಓದಿದ. ಅವಳ ಮುಖ ನೋಡಿದ. ಮತ್ತೊಮ್ಮೆ ಹೆಸರು ಓದಿದ.

‘ಮನೆ ಎಲ್ಲಿ ನಿಮ್ಮದು?’

‘ಘಣಸೋಲಿ. ಯಾಕೆ?’

ಲತೇಶನ ಮುಖ ಬಿಳಿಚಿತು. ‘ಸುಮ್ಮನೆ ಕೇಳಿದ್ದು.’

‘ನಾನು ಅಡುಗೆಯವರನ್ನು ನೋಡಬೇಕು. ಇಲ್ಲದಿದ್ದರೆ ನನ್ನ ಉತ್ತರ ಇಲ್ಲ ಎಂದೇ.’

‘ಅದೊಂದು ಕೇಳಬೇಡಿ,’ ಎಂದ ಅವನು ತಗ್ಗಿದ ದನಿಯಲ್ಲಿ. ‘ಅವರಿಗೆ ನಿಮ್ಮ ಹೆದರಿಕೆ ಉಂಟು.’

ನೆಟ್ಟಗಿರುವ ಅಡುಗೆಯವರು ಪರಿಶೀಲನೆಗೆ ಹೆದರುವುದೇಕೆ? ತನ್ವಿ ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಸರಿದಳು. ಅತ್ತ ಲತೇಶ ಫೋನು ಹಿಡಿದು ತುಳುವಿನಲ್ಲಿ ಪಿಸುಗುಟ್ಟುತ್ತಿದ್ದ: ‘ಅಕ್ಕ, ಏರ್ ಬತ್ತ್‌ಂಡಲಾ ಬಾಕಿಲ್ ದೆಪ್ಪೊಡ್ಚಿ.’ ಯಾರು ಬಂದರೂ ಬಾಗಿಲು ತೆರೆಯಬೇಡಿ. ಮನೆಯಲ್ಲಿ ತುಳುವನ್ನೇ ಕೇಳಿ ಬೆಳೆದ ತನ್ವಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಖಾಲಿ ಪಾತ್ರೆ ಹೊತ್ತ ರಿಕ್ಷಾ ಹೊರಟಿತು. ಅವಳು ಇನ್ನೊಂದು ರಿಕ್ಷಾ ಹತ್ತಿದಳು. ‘ಭಯ್ಯಾ, ಉಸ್ ಕೇ ಪೀಛೆ.’

‘ಲಫ್ಡಾ ಹೈ ಕ್ಯಾ?’ ರಗಳೆಯ ವಾಸನೆ ಹಿಡಿದ ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ ಉತ್ಸಾಹದಿಂದ ವೇಗ ಹೆಚ್ಚಿಸಿದ.

ರಬಾಳೆ ದಾಟಿತು. ಘಣಸೋಲಿಯ ಹಳೆಯ ಹಳ್ಳಿಯ ಕಡೆ ತಿರುಗಿದ ಮುಂದಿನ ರಿಕ್ಷಾ ಇಕ್ಕಟ್ಟಾದ ಓಣಿಯಲ್ಲಿ, ಶೀಟಿನ ಮಾಡಿನ ಒಂದು ಕೋಣೆಯ ಮುಂದೆ ಪಾತ್ರೆ ಇಳಿಸಿ ಮುಂದೆ ಸಾಗಿತು. ತನ್ನ ಮನೆಯಿರುವ ಸೆಕ್ಟರು ಇಲ್ಲಿಂದ ಕೂಗಳತೆಯ ದೂರ. ಆದರೂ ತನ್ವಿ ಈ ಓಣಿಗೆ ಕಾಲಿಟ್ಟವಳಲ್ಲ. ಮುಚ್ಚಿದ ಬಾಗಿಲ ಸಂದಿಯಿಂದ ಹುರಿದ ಮೆಣಸಿನ ಘಾಟು ಬರುತ್ತಿತ್ತು. ಒಳಗೆ ಯಾರೋ ಏನನ್ನೋ ತಿರುವುತ್ತಿದ್ದರು.

ಅವಳು ಫೋನಿನಲ್ಲಿ ಮೇಲಧಿಕಾರಿಗೆ ಬರೆದಳು: ಇಲ್ಲ. ಶಂಕಾಸ್ಪದ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳನ್ನು ಹಾಗೆಯೇ ಹಿಡಿದು ಬಾಗಿಲು ತಟ್ಟಿದಳು.

‘ಕಂಪನಿಯಿಂದ ಬಂದಿದ್ದೇನೆ. ಪರಿಶೀಲನೆ ಮಾಡಬೇಕು. ಬಾಗಿಲು ತೆಗೆಯಿರಿ.’

ತಿರುವುವ ಸದ್ದು ನಿಂತಿತು. ಆಮೇಲೆ, ಒಂದು ಕಾಲನ್ನು ಎಳೆದು ಹಾಕುವ ಹೆಜ್ಜೆ ಬಾಗಿಲವರೆಗೆ ಬಂತು, ಅಗುಳಿ ಸರಿಯಿತು.

‘ಮನೆಯಲ್ಲಿ ದಿನಾ ಇದನ್ನೇ ಉಂಡು ಒಂದು ದಿನವೂ ಲಾಯ್ಕುಂಟು ಅಂತ ಹೇಳಿದವಳಲ್ಲ ನೀನು,’ ಎಂದಳು ಅಮ್ಮ, ‘ಇಲ್ಲಿಗೂ ತಪ್ಪು ಹುಡುಕಲಿಕ್ಕೆ ಬಂದದ್ದಾ?’