ಹೆಪ್ಪಿನ ಬಟ್ಟಲು

ಮನೂರಿನ ಮೇಲೋಣಿಗೆ ಮಹಾ ವಿಪತ್ತೊಂದು ಬಂದೆರಗಿತ್ತು: ಸುಗಲಾಬಾಯಿಯ ಮನೆಗೆ ಹೆಪ್ಪು ಕೇಳಲು ಯಾರೂ ಬರುತ್ತಿರಲಿಲ್ಲ. ಅತ್ತೆಯ ಕಾಲದಿಂದ ಓಣಿಯ ಹಾಲೆಲ್ಲ ಮೊಸರಾಗುತ್ತಿದ್ದದ್ದು ಆ ಮನೆಯ ಗಡಿಗೆಯ ಒಂದು ಚಮಚೆಯಿಂದ. ಎದುರುಮನೆ ಪ್ರೇಮಲಾಳ ಮೊಮ್ಮಗನ ಜಾವಳದ ಊಟಕ್ಕೂ ಸುಗಲಾಬಾಯಿಯೇ ಮಜ್ಜಿಗೆ ಮಾಡಿ ಕಳಿಸಿದ್ದಳು. ಮರುದಿನ ಓಣಿಗೆ ಓಣಿಯೇ ತಂಬಿಗೆ ಹಿಡಿದು ಓಡಿತು; ದೂರು ಮಜ್ಜಿಗೆಯ ಮೇಲೆ ಬಂತು. ಈಗ ನಾರಾಯಣಖೇಡದ ಪೇಟೆಯಿಂದ ಪಾಕೀಟಿನ ಮೊಸರು ಬರುತ್ತಿತ್ತು, ಆಕೆಯ ಕಣ್ಣೆದುರೇ.

ಆಕೆಯ ತಂಗಿಯ ಮೊಮ್ಮಗಳು ಮನೀಷಾ ಹೈದರಾಬಾದಿನ ಪ್ರಯೋಗಾಲಯದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಜೀನ್ ಓದುವವಳು. ಮೊಸರು, ನಲ್ಲಿ ನೀರು, ಭೇದಿ ಹತ್ತಿದವರ ಮಲ, ಎಲ್ಲ ಡಬ್ಬಿಯಲ್ಲಿ ಒಯ್ದಿದ್ದಳು. ಮಾನ ಉಳಿದರೆ ಸಾಕೆಂದು ಸುಗಲಾಬಾಯಿಯೂ ತನ್ನದೊಂದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಕೊಟ್ಟಿದ್ದಳು. ಇವತ್ತು ಹುಡುಗಿ ಫಲಿತಾಂಶದೊಂದಿಗೆ ಬಂದು ಕಟ್ಟೆಯ ಮೇಲೆ ಕೂತಳು. ಎದುರಿಗೆ ಪ್ರೇಮಲಾ, ಆಗಲೇ ಹಸನಾಗಿದ್ದ ಜೋಳವನ್ನು ಮತ್ತೆ ಹಸನು ಮಾಡತೊಡಗಿದಳು.

"ಆಯಿ, ನಿನ್ನ ಮೊಸರಿನಾಗ ಏನೂ ಇಲ್ಲ. ಕೆಟ್ಟಿದ್ದು ನಲ್ಲಿಗೆ ಬರೋ ಟಾಂಕಿ ನೀರು."

"ಜೋರಾಗಿ ಹೇಳವ್ವ, ನನಗ ಕಿವಿ ಮಂದ" ಎಂದಳು ಸುಗಲಾಬಾಯಿ. ಆಕೆಯ ಕಿವಿ ಚೆನ್ನಾಗಿಯೇ ಇದ್ದವು.

ಮನೀಷಾ ಓಣಿಗೆ ಕೇಳುವಂತೆ ಹೇಳಿದಳು. "ಟಾಂಕಿಯಾಗ ಸಿಕ್ಕ ಜಾತಿ ಬ್ಯಾಕ್ಟೀರಿಯಾನೇ ನಿನ್ನ ಹೊಟ್ಯಾಗೂ ಅದ, ಎಲ್ಲಾರ ಹೊಟ್ಯಾಗೂ ಅದ. ಅವು ಸಾಧು. ಟಾಂಕಿಯಾಗಿನವುಕ್ಕ ಮಾತ್ರ ವಿಷ ಮಾಡೋ ಜೀನ್ ಹೆಚ್ಚಿಗಿ ಇದ್ವು."

"ಹುಟ್ಟಿನಿಂದೇ ಏನು?"

"ಇಲ್ಲ, ಬಾಜೂದವರ ಹತ್ರ ಇಸ್ಕೊಂಡದ್ದು. ಒಂದು ಇನ್ನೊಂದಕ್ಕ ಹತ್ತಿ ನಿಂತು ತನ್ನ ಜೀನಿನ ನಕಲು ದಾಟಸ್ತದ. ಇಸ್ಕೊಂಡದ್ದು ಮತ್ತೊಂದಕ್ಕ ಕೊಡ್ತದ."

"ಕೊಟ್ಟದ್ದರ ಹತ್ರ ಕಡಿಮಿ ಆಗಂಗಿಲ್ಲ?"

"ಇಲ್ಲ ಆಯಿ. ಅದರದು ಅದರ ಹತ್ರ."

ಸುಗಲಾಬಾಯಿ ಒಳಗಿನ ನೆಲುವಿನತ್ತ ನೋಡಿದಳು. ಎಷ್ಟು ಮನೆಗೆ ಕೊಟ್ಟರೂ ಬರಿದಾಗದ ಗಡಿಗೆ ಅಲ್ಲಿ ತೂಗುತ್ತಿತ್ತು. ಆ ಜೀವಿಗಳಿಗೆ ಕೈಯಿಲ್ಲ, ಬಾಯಿಲ್ಲ, ಬಟ್ಟಲಿಲ್ಲ. ಆದರೂ ಕರುಳಿನ ಕತ್ತಲ ಓಣಿಯಲ್ಲಿ ಅವು ಯುಗಯುಗದಿಂದ ಇದನ್ನೇ ನಡೆಸಿಕೊಂಡು ಬಂದಿವೆಯಲ್ಲ! ಎರಡೂ ಕೈ ತಾವಾಗಿ ಹೊಟ್ಟೆಯ ಮೇಲೆ ಹೋದವು. ಅಲ್ಲೊಂದು ಊರೇ ಇತ್ತು.

"ಶಿವನೇ, ಹೆಪ್ಪು!" ಎಂದಳು.

ಸಂಜೆ ಪ್ರೇಮಲಾ ಬಟ್ಟಲು ಹಿಡಿದು ಬಂದಳು. "ಪಾಕೀಟಿಂದು ಗಟ್ಟಿ ಆಗವಲ್ದು ಅಕ್ಕಾ. ಸಿಟ್ಟು ಮಾಡ್ಕೋಬ್ಯಾಡ್ರಿ."

ಸುಗಲಾಬಾಯಿ ಸಿಟ್ಟು ಮಾಡಿಕೊಳ್ಳಲಿಲ್ಲ. ಬಟ್ಟಲನ್ನು ಒಲೆಯ ಮೇಲಿನ ಕುದಿನೀರಿನಲ್ಲಿ ಅದ್ದಿ ತೆಗೆದು, ಹೆಪ್ಪು ಹಾಕಿ ಕೊಟ್ಟಳು.