ಅಡ್ಡಗೆರೆ

ಪ್ರೊಫೆಸರರು ಪೆನ್ಸಿಲ್ ಹಿಡಿದು ಪಟ್ಟಿಯ ಕೊನೆಯ ಇಪ್ಪತ್ತನಾಲ್ಕು ಸಾಲುಗಳ ಮೇಲೆ ಅಡ್ಡಗೆರೆ ಎಳೆದರು. ಅವೆಲ್ಲ ಹೆಣ್ಣಿಲಿಗಳ ಸಾಲುಗಳು. "ಗಂಡಿಲಿಗಳದ್ದು ಮಾತ್ರ ಇಟ್ಕೊಳ್ಳಮ್ಮ. ಈ ಹೆಣ್ಣಿಲಿಗಳು ದಿನಕ್ಕೊಂದು ಲೆಕ್ಕ ಹೇಳ್ತವೆ. ಸೋಮವಾರ ವರದಿ ಹೋಗ್ಬೇಕು."

ಸಂಶೋಧಕಿ ಆಗಲಿ ಎಂದಳು. ಮೈ ಕಾಯಬೇಕಾದ ಕೋಶಗಳೇ ಮೈಯ ಕೀಲುಗಳ ಮೇಲೆ ಬೀಳುವ ಕಾಯಿಲೆಯೊಂದರ ಬಗ್ಗೆ ಅವರ ಪ್ರಯೋಗ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೊಂದು ಹೊಸ ಔಷಧಿ. ಔಷಧಿ ಕೊಟ್ಟ ಇಲಿಯ ಗುಲ್ಮವನ್ನು, ಹೊಟ್ಟೆಯ ಎಡಗಡೆ ಬೀನ್ಸ್ ತುಂಡಿನಂತಿರುವ ಆ ಕೆಂಪು ಅಂಗವನ್ನು, ಜರಡಿಯಲ್ಲಿ ಅರೆದು ಅದರೊಳಗಿನ ಕಾವಲು ಕೋಶಗಳನ್ನು ಎಣಿಸುವುದು ಅವಳ ಕೆಲಸ. ಗಂಡಿಲಿಗಳಲ್ಲಿ ಕೋಶಗಳು ಹೇಳಿದ ಮಾತು ಕೇಳಿ ಕಡಿಮೆಯಾಗಿದ್ದವು. ಹೆಣ್ಣಿಲಿಗಳಲ್ಲಿ ಹದಿನೇಳು ಸರಿ, ಏಳು ಔಷಧಿಯನ್ನೇ ಕಾಣದಂತಿದ್ದವು. ತಪ್ಪು ಇಲಿಗಳದ್ದು ಎಂದರೆ ಕುಣಿಯಲಾರದವಳು ನೆಲ ಡೊಂಕು ಎಂದಂತಾಗುತ್ತದೆ. ತನ್ನ ಕೈಯದೇ ಎಂದರೆ ಒಂದೂವರೆ ವರ್ಷದ ದುಡಿಮೆ ನೀರಲ್ಲಿ ಹೋಮ.

ಬೀಗದ ಕೈ ಕೊಡಲು ಇಲಿಮನೆಗೆ ಹೋದಾಗ ಅಲ್ಲಿ ಇಲಿಗಳನ್ನು ನೋಡಿಕೊಳ್ಳುವ ಅಕ್ಕ ಖಾಲಿ ಪಂಜರಗಳ ಚೀಟಿಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದಳು. ಇಲಿ ಸತ್ತಿತೆಂದು ಅದರ ಚೀಟಿಯನ್ನೂ ಕಸಕ್ಕೆ ಹಾಕುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಚೀಟಿಗಳಲ್ಲಿ ತಾರೀಕುಗಳು, ಕೆಲವು ತಾರೀಕುಗಳ ಪಕ್ಕದಲ್ಲಿ ಕೆಂಪು ಚುಕ್ಕೆ. ಅದೇನೆಂದು ಸಂಶೋಧಕಿ ಕೇಳಿದಳು.

"ಅವತ್ತು ಬೆದೆಗೆ ಬಂದಿತ್ತು ಅಂತ. ನಾಲ್ಕೈದು ದಿನಕ್ಕೊಂದ್ಸಲ ಬರ್ತವೆ. ಮರಿ ಮಾಡಿಸೋ ಇಲಿಗಳಿಗೆ ಗುರುತು ಬೇಕು. ನಿಮ್ಮವಕ್ಕೆ ಬೇಕಿರ್ಲಿಲ್ಲ, ಆದ್ರೆ ಇಪ್ಪತ್ತು ವರ್ಷದ ಕೈ, ಸುಮ್ನಿರಬೇಕಲ್ಲ."

ಇಬ್ಬರೂ ನೆಲದ ಮೇಲೆ ಕೂತು ಚೀಟಿ ಹರಡಿದರು. ಔಷಧಿ ನಾಟದ ಏಳರಲ್ಲಿ ಆರಕ್ಕೆ, ಗುಲ್ಮಕ್ಕಾಗಿ ಪಂಜರದಿಂದ ತೆಗೆದ ದಿನವೇ ಕೆಂಪು ಚುಕ್ಕೆ. ನಾಟಿದ ಹದಿನೇಳರಲ್ಲಿ ಒಂದಕ್ಕೂ ಆ ದಿನ ಚುಕ್ಕೆಯಿಲ್ಲ. ಏಳರಲ್ಲಿ ಉಳಿದ ಆ ಒಂದರ ತಾರೀಕು ನೋಡಿ ಅಕ್ಕ ನಕ್ಕಳು. ಅವತ್ತು ಅವಳು ರಜೆಯ ಮೇಲಿದ್ದಳಂತೆ. ಸಂಶೋಧಕಿಗೆ ತನ್ನ ಕೈಗೆ ತಾನೇ ಮುತ್ತಿಡಬೇಕೆನಿಸುವಷ್ಟು ಸಂತೋಷವಾಯಿತು.

ಮರುದಿನ ಪ್ರೊಫೆಸರರು ಚೀಟಿಗಳನ್ನು ಎರಡೆರಡು ಸಲ ತಿರುವಿದರು. ಹೆಣ್ಣಿನ ಹಾರ್ಮೋನು ಏರಿದ ದಿನ ಗುಲ್ಮದ ಕೋಶಗಳ ನಡತೆಯೇ ಬೇರೆಯಾಗುವುದು ಸಾಧ್ಯ ಎಂದು ಒಪ್ಪಿದರು, ಭೇಷ್ ಎಂದೂ ಅಂದರು. ಆದರೆ ಅದು ಇನ್ನೊಂದು ಕಥೆ, ಮುಂದೆ ಯಾವತ್ತಾದರೂ ನೋಡೋಣ, ಈಗ ಗಂಡಿಲಿಗಳ ವರದಿಯೇ ಹೋಗಲಿ ಎಂದು ಪಟ್ಟಿಯನ್ನು ಹಾಗೇ ಮಡಚಿದರು.

ಹೊಸ ಇಲಿಗಳ ಅರ್ಜಿಗೆ ರುಜು ಹಾಕಿಸಿಕೊಳ್ಳಲು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಈ ಔಷಧಿ ಯಾರಿಗೆ ಎಂದು ಕೇಳಿದಳು. ಕೀಲು ಊದುವವರಿಗೆ, ನಾಲ್ವರಲ್ಲಿ ಮೂವರು ಹೆಂಗಸರೇ ಎಂದಳು ಸಂಶೋಧಕಿ. ಅಕ್ಕ ಅರ್ಜಿಯನ್ನು ಮೇಜಿನ ಮೇಲಿಟ್ಟು ಎರಡೂ ಕೈ ಚಾಚಿದಳು. ಬೆರಳ ಗಂಟುಗಳು ಊದಿ ಕೆಂಪಾಗಿದ್ದವು.

"ಐದು ವರ್ಷದಿಂದ ಮಾತ್ರೆ ನುಂಗ್ತಿದೀನಿ ಸರ್. ತಿಂಗಳಲ್ಲಿ ನಾಲ್ಕು ದಿನ ಏನೂ ನಾಟಲ್ಲ. ಡಾಕ್ಟ್ರಿಗೆ ಹೇಳಿದ್ರೆ, ಪುಸ್ತಕದಲ್ಲಿ ಹಾಗೆಲ್ಲ ಇಲ್ಲ, ನಿಮ್ಮ ಭ್ರಮೆ ಅಂದ್ರು. ಆ ಪುಸ್ತಕ ಬರೆಯೋವಾಗ ನನ್ನ ಮೇಲೂ ಯಾರೋ ಹೀಗೇ ಗೆರೆ ಎಳೆದಿರ್ಬೇಕು."

ಪ್ರೊಫೆಸರರು ಆ ಬೆರಳುಗಳನ್ನು ನೋಡಿದರು. ಆಮೇಲೆ ಮಡಚಿದ ಪಟ್ಟಿಯನ್ನು ಬಿಡಿಸಿ, ರಬ್ಬರ್ ಇದೆಯಾ ಎಂದು ಸಂಶೋಧಕಿಯನ್ನು ಕೇಳಿದರು.